ಪ್ರವಾಸಿ ವೀಸಾ ಮತ್ತು ವಿದೇಶಿ ಉದ್ಯೋಗದ ವಂಚನೆ: ಭದ್ರಾವತಿ, ಶಿವಮೊಗ್ಗ ಭಾಗದ ಅರ್ಜಿದಾರರಿಗಾಗಿ ಒಂದು ಅವಲೋಕನ

ವಿದೇಶಕ್ಕೆ ಹೋದ ಪ್ರವಾಸಿಗರು ಮೋಸಹೋಗುವುದು ಹೊಸ ಸಂಗತಿಯಲ್ಲ. ಬ್ಯಾಂಕಾಕಿನಲ್ಲಿ ಅರಮನೆ ಇಂದು ಮುಚ್ಚಿದೆಯೆಂದು ನಂಬಿಸಿ ಹರಳಿನ ಅಂಗಡಿಗೆ ಕರೆದೊಯ್ಯುವ ಆಟೋ ಚಾಲಕ, ಸಮುದ್ರತೀರದಲ್ಲಿ ಬಾಡಿಗೆಗೆ ಕೊಟ್ಟ ಯಂತ್ರದೋಣಿಯ ಮೇಲಿನ ಹಳೆಯ ಗೀರನ್ನು ತೋರಿಸಿ ದಂಡ ಕೇಳುವ ವ್ಯಾಪಾರಿ, ಪೊಲೀಸನೆಂದು ಹೇಳಿಕೊಂಡು ಹಣದ ಚೀಲವನ್ನು ತಪಾಸಣೆ ಮಾಡುವ ಆಗಂತುಕ ಮೊದಲಾದವರ ವಿಷಯವನ್ನು ಪ್ರವಾಸ ಹೋಗಿ ಬಂದವರು ಹೇಳುವುದನ್ನು ಎಲ್ಲರೂ ಕೇಳಿರುತ್ತಾರೆ. ಇಂತಹ ಮೋಸದಲ್ಲಿ ಸಾಮಾನ್ಯವಾಗಿ ನಷ್ಟವಾಗುವುದು ಕೆಲವು ಸಾವಿರ ರೂಪಾಯಿಗಳು ಮತ್ತು ಪ್ರವಾಸದ ಒಂದು ದಿನ. ಆದರೆ 2022ರಿಂದ ಈಚೆಗೆ ಬೆಳಕಿಗೆ ಬಂದಿರುವ ವಂಚನೆಯ ಸ್ವರೂಪವು ಬೇರೆ. ಅಲ್ಲಿ ಪ್ರವಾಸಿಯು ವಿದೇಶದಲ್ಲಿ ಮೋಸಹೋಗುವುದಿಲ್ಲ. ಮೋಸಹೋದವನನ್ನೇ ಪ್ರವಾಸಿಯೆಂದು ಹೆಸರಿಸಿ ವಿದೇಶಕ್ಕೆ ಕಳುಹಿಸಲಾಗುತ್ತದೆ. ಉದ್ಯೋಗದ ಭರವಸೆ ನೀಡಿ, ಪ್ರವಾಸಿ ವೀಸಾದ ಮೇಲೆ ವಿಮಾನ ಹತ್ತಿಸುವ ಈ ಪದ್ಧತಿಯಲ್ಲಿ ಹಣ ಮಾತ್ರವಲ್ಲದೆ ವ್ಯಕ್ತಿಯ ಸ್ವಾತಂತ್ರ್ಯವೂ ಕೆಲವೊಮ್ಮೆ ಪ್ರಾಣವೂ ಅಪಾಯಕ್ಕೆ ಈಡಾಗಿದೆ. ಪಾಸ್‌ಪೋರ್ಟ್, ಪೊಲೀಸ್ ನಡತೆ ಪ್ರಮಾಣಪತ್ರ ಹಾಗೂ ವಲಸೆ ಅನುಮತಿಗಾಗಿ ಅರ್ಜಿ ಸಲ್ಲಿಸುವ ನಾಗರಿಕರು ಈ ವಿಷಯವನ್ನು ಅರಿತಿರುವುದು ಅವಶ್ಯವಾದ್ದರಿಂದ ಈ ಅವಲೋಕನವನ್ನು ಪ್ರಕಟಿಸಲಾಗಿದೆ.

ಭದ್ರಾವತಿಗೆ ಈ ವಿಷಯದಲ್ಲಿ ವಿಶೇಷ ಸಂಬಂಧವಿದೆ. ಕಾಗದನಗರ ಎಂಬ ಹೆಸರನ್ನು ಊರಿಗೆ ತಂದುಕೊಟ್ಟ ಮೈಸೂರು ಕಾಗದ ಕಾರ್ಖಾನೆಯು 1936ರಲ್ಲಿ ಸ್ಥಾಪನೆಯಾಗಿ, 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. 1918ರಲ್ಲಿ ಆರಂಭಗೊಂಡು 1923ರಲ್ಲಿ ಕಬ್ಬಿಣದ ಉತ್ಪಾದನೆಗೆ ತೊಡಗಿದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿಯು 2023ರ ಜನವರಿಯಲ್ಲಿ ಕೈಗೊಂಡಿತು. ಮುಂದೆ ಕೆಲವು ಘಟಕಗಳು ಪುನಃ ಚಾಲನೆಗೊಂಡವಾದರೂ ಮೊದಲಿನ ಉದ್ಯೋಗಾವಕಾಶಗಳು ಮರಳಲಿಲ್ಲ. ತಂದೆಯು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರೆ ಮಗನು ಐ.ಟಿ.ಐ. ಮುಗಿಸಿ ಅದೇ ದ್ವಾರದಲ್ಲಿ ಸೇರುತ್ತಿದ್ದ ಕಾಲವು ಮುಗಿದಿದೆ. ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ತರಬೇತಿ ಪಡೆದವರು ಮತ್ತು ಡಿಪ್ಲೊಮಾ ಪಡೆದವರು ಬೆಂಗಳೂರು, ಪುಣೆ, ಕೊಲ್ಲಿ ರಾಷ್ಟ್ರಗಳ ಕಡೆ ನೋಡುವುದು ಸಹಜವೇ ಆಗಿದೆ. ವಿದೇಶಕ್ಕೆ ದುಡಿಯಲು ಹೋಗುವುದರಲ್ಲಿ ತಪ್ಪೇನೂ ಇಲ್ಲ, ಅದಕ್ಕೆ ಕಾನೂನುಬದ್ಧವಾದ ದಾರಿಯೂ ಇದೆ. ಆ ದಾರಿ ತುಸು ನಿಧಾನ. ವಂಚಕನ ಬಂಡವಾಳ ಈ ನಿಧಾನವೇ.

ವಂಚನೆಯು ನಡೆಯುವ ಬಗೆ

ಪರಿಚಿತರ ಮೂಲಕವೋ, ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಟೆಲಿಗ್ರಾಂ ಜಾಹೀರಾತಿನ ಮೂಲಕವೋ ಉದ್ಯೋಗದ ವಿಷಯ ತಿಳಿದುಬರುತ್ತದೆ. ಹುದ್ದೆಯ ಹೆಸರು ಆಕರ್ಷಕವಾಗಿರುತ್ತದೆ; ‘ಡಿಜಿಟಲ್ ಮಾರ್ಕೆಟಿಂಗ್ ಎಕ್ಸಿಕ್ಯುಟಿವ್’, ‘ಡೇಟಾ ಎಂಟ್ರಿ’, ‘ಗ್ರಾಹಕ ಸೇವೆ’, ‘ಭದ್ರತಾ ಸಹಾಯಕ’ ಇತ್ಯಾದಿ. ಸಂದರ್ಶನವು ದೂರವಾಣಿಯಲ್ಲಿ ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ನೇಮಕಾತಿ ಪತ್ರವು ವಾಟ್ಸಾಪ್‌ನಲ್ಲಿ ಬರುತ್ತದೆ. ಆನಂತರ ಏಜೆಂಟನು, ಉದ್ಯೋಗ ವೀಸಾಕ್ಕೆ ತಿಂಗಳುಗಟ್ಟಲೆ ಹಿಡಿಯುವುದರಿಂದ ಸದ್ಯಕ್ಕೆ ಪ್ರವಾಸಿ ವೀಸಾದಲ್ಲಿ ಹೋಗಿ, ಅಲ್ಲಿ ಸೇರಿದ ಮೇಲೆ ಕಂಪನಿಯೇ ಅದನ್ನು ಬದಲಾಯಿಸಿಕೊಡುತ್ತದೆ ಎಂದು ತಿಳಿಸುತ್ತಾನೆ. ವಿಮಾನ ನಿಲ್ದಾಣದಲ್ಲಿ ವಲಸೆ ಅಧಿಕಾರಿಗಳು ಕೇಳಿದಲ್ಲಿ ಪ್ರವಾಸಕ್ಕೆ ಹೋಗುತ್ತಿರುವುದಾಗಿ ಹೇಳಬೇಕೆಂದು ಪಾಠ ಮಾಡುತ್ತಾನೆ. ಹೋಟೆಲಿನ ಕಾಯ್ದಿರಿಸುವಿಕೆಯ ಕಾಗದ ಮತ್ತು ಹಿಂದಿರುಗುವ ಟಿಕೆಟನ್ನು ಅವನೇ ಒದಗಿಸುತ್ತಾನೆ. ಹಲವು ವೇಳೆ ಅವೆರಡೂ ಆ ಬಳಿಕ ರದ್ದಾಗುತ್ತವೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪ್ರವಾಸಕ್ಕೆಂದು ಅಧಿಕಾರಿಯ ಮುಂದೆ ಹೇಳಿದ ಕ್ಷಣದಿಂದ ವಂಚನೆಗೆ ಒಳಗಾದ ವ್ಯಕ್ತಿಯೇ ಸುಳ್ಳು ಹೇಳಿದವನಾಗುತ್ತಾನೆ. ಆ ದೇಶದಲ್ಲಿ ಕೆಲಸಕ್ಕೆ ತೊಡಗಿದ ದಿನದಿಂದ ಅಲ್ಲಿನ ವಲಸೆ ಕಾನೂನನ್ನು ಉಲ್ಲಂಘಿಸಿದವನಾಗುತ್ತಾನೆ. ವೀಸಾ ಅವಧಿ ಮುಗಿದ ದಿನದಿಂದ ದಂಡಕ್ಕೆ ಗುರಿಯಾಗುತ್ತಾನೆ. ಥಾಯ್ಲೆಂಡಿನಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ 500 ಬಾತ್, ಗರಿಷ್ಠ 20,000 ಬಾತ್ ದಂಡವಿದೆ. ಹೀಗೆ ಮೋಸಹೋದವನು ದೂರು ಕೊಡಲು ಹೆದರುವಂತೆ ಮಾಡುವುದೇ ಪ್ರವಾಸಿ ವೀಸಾದ ನಿಜವಾದ ಉಪಯೋಗ. ಅವಸರ ಎಂಬುದು ಏಜೆಂಟನ ಸಬೂಬು ಮಾತ್ರ. ದೂರು ನೀಡಿದರೆ ತಾನೇ ಸಿಕ್ಕಿಬೀಳುವೆನೆಂಬ ಭಯದಿಂದ ಎಷ್ಟೋ ಕುಟುಂಬಗಳು ತಿಂಗಳುಗಟ್ಟಲೆ ಸುಮ್ಮನಿದ್ದು, ಪರಿಸ್ಥಿತಿ ಕೈಮೀರಿದ ನಂತರ ಕಚೇರಿಗಳಿಗೆ ಬರುತ್ತವೆ.

ವಿದೇಶಾಂಗ ಮಂತ್ರಾಲಯವು ಥಾಯ್ಲೆಂಡ್ ಮತ್ತು ಮ್ಯಾನ್ಮಾರ್ ಕುರಿತು ಇಂತಹ ಎಚ್ಚರಿಕೆಯನ್ನು 2022ರಲ್ಲಿಯೇ ಹೊರಡಿಸಿತ್ತು. ಥಾಯ್ಲೆಂಡಿನಲ್ಲಿ ಮಾಹಿತಿ ತಂತ್ರಜ್ಞಾನದ ಕೆಲಸವೆಂದು ಕರೆಸಿಕೊಂಡ ಯುವಕರನ್ನು ಬ್ಯಾಂಕಾಕಿನಿಂದ ಗಡಿಯ ಮೇ ಸೋಟ್ ಪಟ್ಟಣಕ್ಕೆ ರಸ್ತೆಯ ಮೂಲಕ ಒಯ್ದು, ಮೋಯಿ ನದಿಯನ್ನು ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿ ಪ್ರದೇಶದ ಬೇಲಿ ಹಾಕಿದ ಆವರಣಗಳಲ್ಲಿ ಇರಿಸಲಾಗುತ್ತಿತ್ತು. ಅಲ್ಲಿ ಪಾಸ್‌ಪೋರ್ಟ್ ಕಸಿದುಕೊಂಡು, ಅಂತರಜಾಲದ ಮೂಲಕ ಬೇರೆ ದೇಶಗಳ ಜನರನ್ನೂ ಭಾರತೀಯರನ್ನೂ ವಂಚಿಸುವ ಕೆಲಸಕ್ಕೆ ಹಚ್ಚಲಾಗುತ್ತಿತ್ತು. ಒಪ್ಪದವರಿಗೆ ಹಿಂಸೆ, ಬಿಡುಗಡೆ ಕೇಳಿದವರಿಗೆ ಲಕ್ಷಗಟ್ಟಲೆ ಹಣದ ಬೇಡಿಕೆ. ಕಾಂಬೋಡಿಯಾದಲ್ಲಿಯೂ ಇದೇ ರೀತಿಯ ಆವರಣಗಳಿಂದ 2024ರ ಮಾರ್ಚ್ ಅಂತ್ಯದ ವೇಳೆಗೆ ಸುಮಾರು 250 ಭಾರತೀಯರನ್ನು ಬಿಡಿಸಿ ತರಲಾಗಿತ್ತು. 2025ರ ಮಾರ್ಚ್ 10 ಮತ್ತು 11ರಂದು ಭಾರತೀಯ ವಾಯುಪಡೆಯ ವಿಮಾನಗಳು ಮೇ ಸೋಟ್‌ನಿಂದ ಒಟ್ಟು 549 ಮಂದಿಯನ್ನು ಸ್ವದೇಶಕ್ಕೆ ಕರೆತಂದವು. ನದಿಯನ್ನು ಅಕ್ರಮವಾಗಿ ದಾಟಿಸಲ್ಪಟ್ಟವರ ಪಾಸ್‌ಪೋರ್ಟಿನಲ್ಲಿ ಥಾಯ್ಲೆಂಡಿನಿಂದ ಹೊರಹೋದ ಮುದ್ರೆಯೂ ಇರುವುದಿಲ್ಲ, ಮ್ಯಾನ್ಮಾರಿಗೆ ಒಳಬಂದ ಮುದ್ರೆಯೂ ಇರುವುದಿಲ್ಲ. ಇಂತಹವರನ್ನು ಹಿಂದಿರುಗಿಸಲು ಎರಡೂ ದೇಶಗಳ ಅಧಿಕಾರಿಗಳ ಒಪ್ಪಿಗೆ ಬೇಕಾಗುವುದರಿಂದ ವಿಳಂಬವು ಅನಿವಾರ್ಯ.

ಈ ಆವರಣಗಳ ಪರಿಣಾಮವು ನಮ್ಮ ಮನೆಬಾಗಿಲಿಗೂ ತಲುಪಿದೆ. 2024ರ ಜನವರಿಯಿಂದ ಏಪ್ರಿಲ್‌ವರೆಗೆ ದೇಶದಲ್ಲಿ ವರದಿಯಾದ ಸೈಬರ್ ವಂಚನೆಗಳಲ್ಲಿ ಶೇ. 46ರಷ್ಟು ಆಗ್ನೇಯ ಏಷ್ಯಾದ ಈ ಭಾಗದಿಂದ ನಡೆದವೆಂದು ಭಾರತೀಯ ಸೈಬರ್ ಅಪರಾಧ ಸಮನ್ವಯ ಕೇಂದ್ರವು ತಿಳಿಸಿತ್ತು. ಶಿವಮೊಗ್ಗದ ನಿವೃತ್ತ ನೌಕರರೊಬ್ಬರಿಗೆ ‘ಡಿಜಿಟಲ್ ಬಂಧನ’ವೆಂದು ಬೆದರಿಸಿ ಬರುವ ಕರೆಯನ್ನು ಬಲವಂತಕ್ಕೆ ಸಿಲುಕಿದ ಮತ್ತೊಬ್ಬ ಭಾರತೀಯನೇ ಮಾಡುತ್ತಿರಬಹುದಾಗಿದೆ.

ರಷ್ಯಾದ ಪ್ರಕರಣವು ನಮ್ಮ ರಾಜ್ಯಕ್ಕೆ ಇನ್ನೂ ಹತ್ತಿರದ್ದು. ಕಲಬುರಗಿ ಜಿಲ್ಲೆಯ ಯುವಕರು ಭದ್ರತಾ ಸಿಬ್ಬಂದಿ ಮತ್ತು ಸಹಾಯಕರ ಕೆಲಸವೆಂದು ನಂಬಿ ಹೋಗಿ, ಅಲ್ಲಿ ಸೇನೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳಲ್ಪಟ್ಟು, ಉಕ್ರೇನ್ ಯುದ್ಧದ ಮುಂಚೂಣಿಗೆ ಕಳುಹಿಸಲ್ಪಟ್ಟರು. 2024ರ ಫೆಬ್ರುವರಿಯಲ್ಲಿ ಅವರು ಕಳುಹಿಸಿದ ವಿಡಿಯೋ ಸಂದೇಶದಿಂದ ವಿಷಯವು ಬಹಿರಂಗವಾಯಿತು. ಮಾರ್ಚ್ ತಿಂಗಳಲ್ಲಿ ಕೇಂದ್ರೀಯ ತನಿಖಾ ದಳವು ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಜುಲೈನಲ್ಲಿ ಪ್ರಧಾನ ಮಂತ್ರಿಯವರು ಮಾಸ್ಕೋದಲ್ಲಿ ವಿಷಯವನ್ನು ಪ್ರಸ್ತಾಪಿಸಿದ ನಂತರ ಬಿಡುಗಡೆಯ ಪ್ರಕ್ರಿಯೆಗೆ ವೇಗ ದೊರೆತು, ಕಲಬುರಗಿಯ ಯುವಕರು ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದರು. ಅವರೊಂದಿಗೆ ಇದ್ದ ಗುಜರಾತಿನ ಯುವಕನು ಮರಳಲಿಲ್ಲ. ತಾವು ಸಹಿ ಮಾಡಿದ ಒಪ್ಪಂದವು ರಷ್ಯನ್ ಭಾಷೆಯಲ್ಲಿತ್ತು, ಅದನ್ನು ಓದಲು ತಮಗೆ ಸಾಧ್ಯವಿರಲಿಲ್ಲ ಎಂಬುದು ಇಂತಹ ಪ್ರಕರಣಗಳಿಂದ ಪಾರಾದ ಹಲವರ ಹೇಳಿಕೆ.

ವೀಸಾ ವಿನಾಯಿತಿಯೂ ಇದೇ ರೀತಿ ದುರುಪಯೋಗಗೊಂಡಿದೆ. ಇರಾನ್ ದೇಶವು 2024ರ ಫೆಬ್ರುವರಿಯಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ವಿನಾಯಿತಿ ನೀಡಿತ್ತು. ಉದ್ಯೋಗ ಕೊಡಿಸುವುದಾಗಿ ಅಥವಾ ಅಲ್ಲಿಂದ ಮೂರನೆಯ ದೇಶಕ್ಕೆ ದಾಟಿಸುವುದಾಗಿ ನಂಬಿಸಿ ಕರೆದೊಯ್ದ ಭಾರತೀಯರನ್ನು ಅಲ್ಲಿ ಅಪಹರಿಸಿ, ಬಿಡುಗಡೆಗೆ ಹಣ ಕೇಳಿದ ಪ್ರಕರಣಗಳು ನಡೆದವು. ಇದರ ಫಲವಾಗಿ 2025ರ ನವೆಂಬರ್ 22ರಿಂದ ಸಾಮಾನ್ಯ ಪಾಸ್‌ಪೋರ್ಟ್ ಹೊಂದಿರುವ ಭಾರತೀಯರಿಗೆ ಆ ವಿನಾಯಿತಿಯನ್ನು ಇರಾನ್ ಅಮಾನತುಗೊಳಿಸಿತು. ವೀಸಾ ಬೇಡವೆಂದರೆ ತಪಾಸಣೆ ಕಡಿಮೆ. ತಪಾಸಣೆ ಕಡಿಮೆಯೆಂದರೆ ವಂಚಕನಿಗೆ ಅನುಕೂಲ. ಥಾಯ್ಲೆಂಡ್ 2023ರ ನವೆಂಬರಿನಲ್ಲಿ, ಮಲೇಷಿಯಾ ಅದೇ ವರ್ಷದ ಡಿಸೆಂಬರಿನಲ್ಲಿ ಭಾರತೀಯರಿಗೆ ವಿನಾಯಿತಿ ನೀಡಿದವು. ನಿಜವಾದ ಪ್ರವಾಸಿಗರಿಗೆ ಇದರಿಂದ ಸಹಾಯವಾಗಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ‘ವೀಸಾ ಬೇಡ, ನಾಳೆಯೇ ಹೊರಡಿ’ ಎಂಬ ಮಾತು ಕೆಲಸ ಕೊಡಿಸುವವನ ಬಾಯಿಂದ ಬಂದಲ್ಲಿ ಅದರ ಅರ್ಥವೇ ಬೇರೆಯಾಗುತ್ತದೆ.

ಹಕ್ಕಿಪಿಕ್ಕಿ ಸಮುದಾಯದ ಅನುಭವ

ಮೋಸ ಮಾಡುವವರು ಯಾರೂ ಇಲ್ಲದೆಯೂ ಪ್ರವಾಸಿ ವೀಸಾ ಹೇಗೆ ಅಪಾಯಕ್ಕೆ ದಾರಿಯಾಗಬಲ್ಲುದು ಎಂಬುದಕ್ಕೆ ನಮ್ಮ ಜಿಲ್ಲೆಯ ಹಕ್ಕಿಪಿಕ್ಕಿ ಸಮುದಾಯದ ಅನುಭವವನ್ನು ನೋಡಬಹುದಾಗಿದೆ. ಪರಿಶಿಷ್ಟ ಪಂಗಡಕ್ಕೆ ಸೇರಿದ, ವಾಗ್ರಿ ಭಾಷೆಯನ್ನಾಡುವ ಈ ಜನರ ಸಂಖ್ಯೆಯು 2011ರ ಜನಗಣತಿಯಂತೆ ರಾಜ್ಯದಲ್ಲಿ ಹನ್ನೆರಡು ಸಾವಿರಕ್ಕಿಂತ ಸ್ವಲ್ಪ ಕಡಿಮೆ. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ನಂತರ ಬೇಟೆಯ ವೃತ್ತಿಯು ನಿಂತುಹೋಗಿ, ಮಣಿಸರ, ಗಿಡಮೂಲಿಕೆ, ತಲೆಗೂದಲಿನ ಎಣ್ಣೆಗಳ ಮಾರಾಟಕ್ಕೆ ತೊಡಗಿದ ಅವರು, ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಆಫ್ರಿಕಾದ ಹಲವು ದೇಶಗಳಿಗೆ ಹೋಗಿಬರುತ್ತಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದವರೂ ಅಲ್ಲಿನ ಭಾಷೆಯ ನಾಲ್ಕು ಮಾತು ಕಲಿತು ವ್ಯಾಪಾರ ಮಾಡಿ ಬರುವುದು ಮೆಚ್ಚತಕ್ಕ ವಿಷಯವೇ ಸರಿ.

2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಪ್ರಾರಂಭವಾದಾಗ, ಡಾರ್ಫರ್ ಪ್ರಾಂತದ ಎಲ್ ಫಾಶರ್ ನಗರದಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿ ಜನರು ಸಿಲುಕಿದ್ದರು. ಅಂದಿನ ಪತ್ರಿಕಾ ವರದಿಗಳ ಪ್ರಕಾರ ಇವರಲ್ಲಿ 19 ಮಂದಿ ಹುಣಸೂರು, 7 ಮಂದಿ ಶಿವಮೊಗ್ಗ ಹಾಗೂ 5 ಮಂದಿ ಚನ್ನಗಿರಿ ಕಡೆಯವರು. ಕೈಯಲ್ಲಿದ್ದ ಹಣ ತೀರಿ, ನೀರು ಮತ್ತು ಆಹಾರಕ್ಕೆ ಕಷ್ಟವಾಗಿ, ಗುಂಡಿನ ಸದ್ದಿನ ನಡುವೆ ಬಾಡಿಗೆ ಕೊಠಡಿಗಳಲ್ಲಿ ಅವರು ದಿನಗಳನ್ನು ಕಳೆದರು. ಭಾರತ ಸರ್ಕಾರವು ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಕಾರ್ಯಾಚರಣೆಯನ್ನು ಆರಂಭಿಸಿ, ಪೋರ್ಟ್ ಸುಡಾನಿನಿಂದ ನೌಕಾಪಡೆಯ ಹಡಗು ಮತ್ತು ವಾಯುಪಡೆಯ ವಿಮಾನಗಳಲ್ಲಿ ಜೆದ್ದಾಕ್ಕೂ ಅಲ್ಲಿಂದ ಭಾರತಕ್ಕೂ ಒಟ್ಟು 3,862 ಜನರನ್ನು ತೆರವುಗೊಳಿಸಿತು. ರಾಜ್ಯದ ಕಡೆಯಿಂದ ಕರ್ನಾಟಕ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸಮನ್ವಯ ನಡೆಸಿತು.

ಆ ದಿನಗಳಲ್ಲಿ ಎದುರಾದ ಮೊದಲ ತೊಡಕೆಂದರೆ, ಯಾರು ಎಲ್ಲಿದ್ದಾರೆ ಎಂಬ ಪಟ್ಟಿಯೇ ಇಲ್ಲದಿದ್ದುದು. ಉದ್ಯೋಗ ವೀಸಾದಲ್ಲಿ ಹೋದವರ ಮಾಲೀಕನ ಹೆಸರು, ಒಪ್ಪಂದ, ವಿಮೆ ಇವು ದಾಖಲೆಯಲ್ಲಿರುತ್ತವೆ. ವ್ಯಾಪಾರಕ್ಕೆಂದು ಸಂದರ್ಶಕರಾಗಿ ಹೋದವರಿಗೆ ಇವು ಯಾವುವೂ ಇರುವುದಿಲ್ಲ. ಸರಕನ್ನು ಸಾಲ ಮಾಡಿ ಕೊಂಡುಹೋಗಿದ್ದವರು ಅದನ್ನು ಅಲ್ಲಿಯೇ ಬಿಟ್ಟು ಬಂದದ್ದರಿಂದ, ಪ್ರಾಣ ಉಳಿದರೂ ಸಾಲ ಉಳಿಯಿತು. ವಿದೇಶಕ್ಕೆ ಯಾವ ಉದ್ದೇಶಕ್ಕೆ ಹೋದರೂ ತಲುಪಿದ ಕೂಡಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ನೋಂದಾಯಿಸಿಕೊಳ್ಳಬೇಕೆಂದು ಕೋರುವುದು ಈ ಕಾರಣದಿಂದಲೇ. ಇದಕ್ಕೆ ಶುಲ್ಕವಿಲ್ಲ. ತಾವು ನೋಂದಾಯಿಸಿಕೊಂಡಲ್ಲಿ ವೀಸಾದ ಕುರಿತು ಪ್ರಶ್ನೆಗಳು ಬರುವವೆಂಬ ಅಂಜಿಕೆ ಕೆಲವರಲ್ಲಿದೆ. ರಾಯಭಾರ ಕಚೇರಿಯು ಆ ದೇಶದ ವಲಸೆ ಕಚೇರಿಯಲ್ಲ.

ಕಾನೂನು ಏನು ಹೇಳುತ್ತದೆ

1983ರ ವಲಸೆ ಅಧಿನಿಯಮದಂತೆ, ನೋಂದಣಿ ಪ್ರಮಾಣಪತ್ರವಿಲ್ಲದೆ ಯಾವುದೇ ವ್ಯಕ್ತಿ ಅಥವಾ ಸಂಸ್ಥೆಯು ವಿದೇಶಿ ಉದ್ಯೋಗಕ್ಕೆ ಜನರನ್ನು ನೇಮಕ ಮಾಡಿಕೊಳ್ಳುವಂತಿಲ್ಲ. ನೋಂದಾಯಿತ ಏಜೆಂಟರ ಹೆಸರುಗಳು ವಿದೇಶಾಂಗ ಮಂತ್ರಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಲಭ್ಯವಿವೆ. ಅನಧಿಕೃತರೆಂದು ಗುರುತಿಸಲ್ಪಟ್ಟವರ ಪಟ್ಟಿಯೂ ಅಲ್ಲಿಯೇ ಇದ್ದು, 2025ರ ವೇಳೆಗೆ ಅದರಲ್ಲಿ ಮೂರು ಸಾವಿರಕ್ಕೂ ಮಿಗಿಲಾದ ಹೆಸರುಗಳಿದ್ದವು. ಪ್ರಯಾಣ ಏಜೆನ್ಸಿ, ವೀಸಾ ಸಲಹಾ ಕೇಂದ್ರ ಅಥವಾ ತರಬೇತಿ ಸಂಸ್ಥೆ ಎಂಬ ಫಲಕವಿದ್ದ ಮಾತ್ರಕ್ಕೆ ನೇಮಕಾತಿ ಮಾಡುವ ಅಧಿಕಾರ ಬರುವುದಿಲ್ಲ. ನೋಂದಾಯಿತ ಏಜೆಂಟನಾದರೂ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕವು ಗರಿಷ್ಠ 30,000 ರೂಪಾಯಿ ಮತ್ತು ಅದರ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ, ಅಂದರೆ ಒಟ್ಟು 35,400 ರೂಪಾಯಿಗಳು. ಇದಕ್ಕೆ ರಸೀದಿ ನೀಡತಕ್ಕದ್ದು. ಎರಡು ಲಕ್ಷ, ಮೂರು ಲಕ್ಷ ಕೇಳುವವನು ನಿಯಮಬಾಹಿರವಾಗಿ ಕೇಳುತ್ತಿದ್ದಾನೆ ಎಂಬುದು ಆ ಮೊತ್ತದಿಂದಲೇ ಸ್ಪಷ್ಟವಾಗುತ್ತದೆ.

ಹತ್ತನೆಯ ತರಗತಿ ಉತ್ತೀರ್ಣರಾಗದವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ವಲಸೆ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಸುಡಾನ್, ಥಾಯ್ಲೆಂಡ್, ಮಲೇಷಿಯಾ ಈ ಪಟ್ಟಿಯಲ್ಲಿವೆ. ಅನುಮತಿ ನೀಡುವಾಗ ಒಪ್ಪಂದ, ವೇತನ ಮತ್ತು ಮಾಲೀಕನ ವಿವರಗಳನ್ನು ಪರಿಶೀಲಿಸಲಾಗುತ್ತದೆ. 10 ಲಕ್ಷ ರೂಪಾಯಿಗಳ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಇದರೊಂದಿಗೆ ಬರುತ್ತದೆ. ಎರಡು ವರ್ಷಕ್ಕೆ ಇದರ ಕಂತು 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಪ್ರವಾಸಿ ವೀಸಾದಲ್ಲಿ ಹೋಗುವವರು ಈ ಪರಿಶೀಲನೆಯಿಂದ ಪೂರ್ಣವಾಗಿ ಹೊರಗುಳಿಯುತ್ತಾರೆ. ಇನ್ನು ಹತ್ತನೆಯ ತರಗತಿ ಮುಗಿಸಿದವರಿಗೆ ಈ ಅನುಮತಿಯೇ ಕಡ್ಡಾಯವಲ್ಲ. ಓದಿದವನು ತನ್ನ ಹಿತವನ್ನು ತಾನೇ ನೋಡಿಕೊಳ್ಳಬಲ್ಲನೆಂಬುದು ಇದರ ಹಿಂದಿನ ಭಾವನೆ. ಕಂಪ್ಯೂಟರ್ ಬಲ್ಲ ಪದವೀಧರರನ್ನೇ ಹುಡುಕಿ ಮ್ಯಾನ್ಮಾರಿನ ಆವರಣಗಳಿಗೆ ಒಯ್ಯಲಾದ ಮೇಲೆ ಆ ಭಾವನೆಯನ್ನು ಅಷ್ಟಾಗಿ ನೆಚ್ಚುವಂತಿಲ್ಲ. ಭದ್ರಾವತಿಯ ಐ.ಟಿ.ಐ. ಮತ್ತು ಡಿಪ್ಲೊಮಾ ಅಭ್ಯರ್ಥಿಗಳು ಬಹುತೇಕ ಈ ಎರಡನೆಯ ವರ್ಗಕ್ಕೆ ಸೇರುತ್ತಾರಾದ್ದರಿಂದ, ಅವರ ಕಾಗದಪತ್ರಗಳನ್ನು ಅವರ ಪರವಾಗಿ ಬೇರೆ ಯಾರೂ ಪರಿಶೀಲಿಸುವುದಿಲ್ಲ ಎಂಬುದನ್ನು ವಿಶೇಷವಾಗಿ ತಿಳಿಸಲಾಗಿದೆ.

ಅಧಿನಿಯಮದಲ್ಲಿನ ಶಿಕ್ಷೆಯ ಬಗ್ಗೆಯೂ ಒಂದು ಮಾತು ಹೇಳಬೇಕಾಗುತ್ತದೆ. ನೋಂದಣಿಯಿಲ್ಲದೆ ನೇಮಕಾತಿ ನಡೆಸಿದವರಿಗೆ 1983ರಲ್ಲಿ ನಿಗದಿಯಾದ ಶಿಕ್ಷೆ ಎರಡು ವರ್ಷಗಳವರೆಗಿನ ಕಾರಾಗೃಹವಾಸ ಮತ್ತು ಎರಡು ಸಾವಿರ ರೂಪಾಯಿಗಳವರೆಗಿನ ದಂಡ. ಇಂದಿನ ಬೆಲೆಯಲ್ಲಿ ಆ ದಂಡವು ಒಬ್ಬ ಅಭ್ಯರ್ಥಿಯ ಭಾವಚಿತ್ರ, ಜೆರಾಕ್ಸ್ ಮತ್ತು ಬಸ್ಸಿನ ಖರ್ಚಿಗಿಂತ ಬಹಳ ಹೆಚ್ಚೇನೂ ಅಲ್ಲ. ಆದ್ದರಿಂದ ದೂರು ಸಲ್ಲಿಸುವವರು ವಲಸೆ ಅಧಿನಿಯಮದೊಂದಿಗೆ ಭಾರತೀಯ ನ್ಯಾಯ ಸಂಹಿತೆಯ ವಂಚನೆ ಮತ್ತು ಮಾನವ ಸಾಗಾಣಿಕೆಯ ಕಲಮುಗಳಿಗೆ ಆಧಾರವಾಗುವ ಸಂಗತಿಗಳನ್ನೂ, ಅಂದರೆ ಪಾವತಿಸಿದ ಹಣ, ಕೊಟ್ಟ ಭರವಸೆ, ಪಾಸ್‌ಪೋರ್ಟ್ ಕಸಿದುಕೊಂಡ ವಿವರ, ಬಲವಂತದ ಕೆಲಸ ಇವುಗಳನ್ನು ದೂರಿನಲ್ಲಿ ಬಿಡದೆ ನಮೂದಿಸುವುದು ಉಪಯುಕ್ತ.

ಅರ್ಜಿದಾರರು ತಾವೇ ಮಾಡಿಕೊಳ್ಳಬಹುದಾದ ಒಂದು ಸುಲಭವಾದ ಪರೀಕ್ಷೆಯಿದೆ. ಪಾಸ್‌ಪೋರ್ಟ್ ಕಚೇರಿಯು ನೀಡುವ ಪೊಲೀಸ್ ನಡತೆ ಪ್ರಮಾಣಪತ್ರವು ಉದ್ಯೋಗ, ದೀರ್ಘಾವಧಿ ವಾಸ ಅಥವಾ ವಲಸೆಗಾಗಿ ಹೋಗುವವರಿಗೆ ಮೀಸಲು. ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಅದನ್ನು ನೀಡಲಾಗುವುದಿಲ್ಲ. ಉದ್ಯೋಗ ಕೊಡಿಸುವುದಾಗಿ ಹೇಳುವ ಏಜೆಂಟನು ಈ ಪ್ರಮಾಣಪತ್ರದ ಅರ್ಜಿಯಲ್ಲಿ ಮಾಲೀಕನ ಹೆಸರು ಮತ್ತು ವೀಸಾದ ಬಗೆಯನ್ನು ತುಂಬಲು ಹಿಂಜರಿದರೆ, ಅಥವಾ ಅದು ಬೇಡವೇ ಬೇಡವೆಂದರೆ, ಕಾರಣವನ್ನು ಅಲ್ಲಿಯೇ ಕೇಳತಕ್ಕದ್ದು. ಹಾಗೆಯೇ ಪಾಸ್‌ಪೋರ್ಟನ್ನು ತಿಂಗಳುಗಟ್ಟಲೆ ಏಜೆಂಟನ ಬಳಿ ಬಿಡುವ ರೂಢಿಯನ್ನು ತೊರೆಯಬೇಕು. 1967ರ ಪಾಸ್‌ಪೋರ್ಟ್ ಅಧಿನಿಯಮದಂತೆ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಒತ್ತೆ ಇರಿಸಿಕೊಳ್ಳುವ ಹಕ್ಕು ಯಾವ ಖಾಸಗಿ ವ್ಯಕ್ತಿಗೂ ಇಲ್ಲ. ಸರ್ಕಾರದ ಮೂಲಕವೇ ಹೋಗಬಯಸುವವರು ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯಾಭಿವೃದ್ಧಿ ನಿಗಮದ ಅಧೀನದಲ್ಲಿರುವ ಅಂತಾರಾಷ್ಟ್ರೀಯ ವಲಸೆ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.

ಶಿವಮೊಗ್ಗದ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣದಿಂದ 2023ರ ಆಗಸ್ಟ್ 31ರಂದು ಆರಂಭವಾದುದು ದೇಶೀಯ ವಿಮಾನ ಸೇವೆ. ವಿದೇಶಕ್ಕೆ ಹೊರಡುವವರ ವಲಸೆ ತಪಾಸಣೆಯು ಬೆಂಗಳೂರು, ಮಂಗಳೂರು ಅಥವಾ ಹೊರರಾಜ್ಯದ ನಿಲ್ದಾಣಗಳಲ್ಲಿ ನಡೆಯುತ್ತದೆ. ಹತ್ತಿರದ ನಿಲ್ದಾಣವನ್ನು ಬಿಟ್ಟು, ಕಾರಣ ಹೇಳದೆ ದೂರದ ರಾಜ್ಯದ ನಿಲ್ದಾಣದಿಂದ ಟಿಕೆಟ್ ಮಾಡಿಸಿದ್ದಲ್ಲಿ ಮನೆಯವರು ಅದನ್ನು ಗಮನಿಸಬೇಕು.

ನಿಜವಾದ ಪ್ರವಾಸಿಗರಿಗೆ

ಯಾತ್ರೆಯ ವಿಷಯದಲ್ಲಿಯೂ ವೀಸಾದ ಬಗೆಯು ಮುಖ್ಯ. ಸಂದರ್ಶಕ ವೀಸಾದಲ್ಲಿ ಹಜ್ ಯಾತ್ರೆ ಮಾಡಿಸುವುದಾಗಿ ಹೇಳಿ ಹಣ ಪಡೆಯುವವರಿದ್ದಾರೆ. ಸೌದಿ ಅರೇಬಿಯಾವು ಇದನ್ನು ನಿಷೇಧಿಸಿದ್ದು, 20,000 ರಿಯಾಲ್‌ಗಳವರೆಗೆ ದಂಡವನ್ನು ಘೋಷಿಸಿದೆ. 2024ರ ಹಜ್ ಸಮಯದ ತೀವ್ರ ಬಿಸಿಲಿನಲ್ಲಿ ಮೃತಪಟ್ಟ 1,301 ಜನರಲ್ಲಿ ಶೇ. 83ರಷ್ಟು ಮಂದಿ ಅನುಮತಿಯಿಲ್ಲದೆ ಬಂದವರೆಂದು ಸೌದಿ ಸರ್ಕಾರವು ತಿಳಿಸಿತ್ತು. ಅನುಮತಿಯಿಲ್ಲದವರಿಗೆ ತಂಪಾಗಿಸಿದ ಡೇರೆಯೂ ಇಲ್ಲ, ಬಸ್ಸೂ ಇಲ್ಲ. ಅವರು ನಡೆದೇ ಹೋಗಬೇಕಾಗಿತ್ತು. ಹಜ್ ಸಮಿತಿ ಅಥವಾ ಅಲ್ಪಸಂಖ್ಯಾತರ ವ್ಯವಹಾರಗಳ ಮಂತ್ರಾಲಯವು ನೋಂದಾಯಿಸಿದ ಸಂಘಟಕರ ಮೂಲಕವಲ್ಲದೆ ಹಣ ಪಾವತಿಸಬಾರದು.

ಉಳಿದಂತೆ ಸಣ್ಣಪುಟ್ಟ ಮೋಸಗಳು. ಥಾಯ್ಲೆಂಡಿನಲ್ಲಿ 2025ರ ಮೇ 1ರಿಂದ ಕಡ್ಡಾಯಗೊಳಿಸಲಾದ ಡಿಜಿಟಲ್ ಆಗಮನ ಪತ್ರವು ಉಚಿತವಾದುದು, ಮಲೇಷಿಯಾದ್ದೂ ಅಷ್ಟೇ. ಸರ್ಕಾರಿ ಜಾಲತಾಣದಂತೆ ಕಾಣುವ ಖಾಸಗಿ ತಾಣಗಳು ಇದಕ್ಕೆ ಶುಲ್ಕ ವಸೂಲು ಮಾಡುತ್ತಿವೆ. ವಿದೇಶದ ಅಂಗಡಿಯ ಕಾರ್ಡ್ ಯಂತ್ರವು ರೂಪಾಯಿಯಲ್ಲಿ ಪಾವತಿಸುವಿರೋ ಸ್ಥಳೀಯ ಹಣದಲ್ಲೋ ಎಂದು ಕೇಳಿದಾಗ ಸ್ಥಳೀಯ ಹಣವನ್ನೇ ಆರಿಸುವುದು ಲಾಭದಾಯಕ; ರೂಪಾಯಿಯನ್ನು ಆರಿಸಿದಲ್ಲಿ ವಿನಿಮಯ ದರವನ್ನು ಅಂಗಡಿಯ ಕಡೆಯವರು ನಿರ್ಧರಿಸುತ್ತಾರೆ. ಬಾಡಿಗೆ ವಾಹನ ಪಡೆಯುವ ಮುನ್ನ ಅದರ ಎಲ್ಲ ಬದಿಗಳ ಚಿತ್ರ ತೆಗೆದುಕೊಂಡಿದ್ದರೆ ಹಳೆಯ ಗೀರಿನ ವಾದವು ನಿಲ್ಲುವುದಿಲ್ಲ. ಥಾಯ್ಲೆಂಡಿನ ಪ್ರವಾಸಿ ಪೊಲೀಸರ ಸಂಖ್ಯೆ 1155. ಇದಲ್ಲದೆ, ಪ್ರವಾಸದಲ್ಲಿರುವವರ ಹೆಸರಿನಲ್ಲಿ ಊರಿನ ಮನೆಯವರಿಗೆ ‘ಪಾಸ್‌ಪೋರ್ಟ್ ಕಳೆದಿದೆ, ತುರ್ತಾಗಿ ಹಣ ಕಳುಹಿಸಿ’ ಎಂಬ ಸಂದೇಶ ಬರುವುದುಂಟು. ಮೊದಲು ಇಮೇಲಿನಲ್ಲಿ ಬರುತ್ತಿದ್ದುದು ಈಗ ವಾಟ್ಸಾಪ್‌ನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಆ ವ್ಯಕ್ತಿಯ ಧ್ವನಿಯನ್ನು ತಾವೇ ಕರೆ ಮಾಡಿ ಕೇಳದೆ ಹಣ ಕಳುಹಿಸಬಾರದು.

ಸಿಲುಕಿದವರಿಗೆ ದೊರೆಯುವ ನೆರವು

ಪಾಸ್‌ಪೋರ್ಟ್ ಕಳೆದುಹೋದಲ್ಲಿ ಅಥವಾ ಕಸಿದುಕೊಳ್ಳಲ್ಪಟ್ಟಲ್ಲಿ ಭಾರತೀಯ ರಾಯಭಾರ ಕಚೇರಿಯು ಸ್ವದೇಶಕ್ಕೆ ಒಂದು ಬಾರಿಯ ಪ್ರಯಾಣಕ್ಕಾಗಿ ತುರ್ತು ಪ್ರಮಾಣಪತ್ರವನ್ನು ನೀಡುತ್ತದೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಪ್ರತಿಯು ಮನೆಯಲ್ಲಿದ್ದಲ್ಲಿ ಈ ಕೆಲಸವು ಶೀಘ್ರವಾಗುತ್ತದೆ. ಹಣವಿಲ್ಲದವರಿಗೆ ವಸತಿ, ಚಿಕಿತ್ಸೆ, ವಿಮಾನದ ಟಿಕೆಟ್ ಹಾಗೂ ಕಾನೂನು ನೆರವಿಗಾಗಿ 2009ರಲ್ಲಿ ಸ್ಥಾಪಿಸಲಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ, ಅವರ ಸ್ಥಿತಿಗತಿಯನ್ನು ಪರಿಶೀಲಿಸಿ, ಸಹಾಯ ನೀಡಲಾಗುತ್ತದೆ. ಮನೆಯವರು ವಿದೇಶಾಂಗ ಮಂತ್ರಾಲಯದ ‘ಮದದ್’ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಅಥವಾ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800-11-3090ಕ್ಕೆ ಕರೆ ಮಾಡಬಹುದು. ಹಣವನ್ನು ಆನ್‌ಲೈನ್ ಮೂಲಕ ಪಾವತಿಸಿದ್ದಲ್ಲಿ 1930ಕ್ಕೆ ಕೂಡಲೇ ತಿಳಿಸತಕ್ಕದ್ದು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದಲ್ಲಿ ಹಣವನ್ನು ಖಾತೆಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಏಜೆಂಟನು ಯಾವ ಊರಿನವನಾದರೂ ದೂರನ್ನು ತಮ್ಮ ವ್ಯಾಪ್ತಿಯ ಠಾಣೆಯಲ್ಲಿಯೇ ನೀಡಬಹುದಾಗಿದೆ. ಕಾಗದನಗರದ ನಿವಾಸಿಗಳು ಪೇಪರ್ ಟೌನ್ ಠಾಣೆಯಲ್ಲಿ ಅಥವಾ ಶಿವಮೊಗ್ಗದ ಸಿ.ಇ.ಎನ್. ಅಪರಾಧ ಠಾಣೆಯಲ್ಲಿ ದೂರು ಸಲ್ಲಿಸಬಹುದು. ವ್ಯಾಪ್ತಿಯ ಕಾರಣ ಹೇಳಿ ದೂರನ್ನು ತಿರಸ್ಕರಿಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅವಕಾಶವಿಲ್ಲ. ದೂರಿನೊಂದಿಗೆ ಜಾಹೀರಾತಿನ ಚಿತ್ರ, ವಾಟ್ಸಾಪ್ ಸಂದೇಶಗಳ ಪ್ರತಿ, ನೇಮಕಾತಿ ಪತ್ರ, ಬ್ಯಾಂಕ್ ಅಥವಾ ಯು.ಪಿ.ಐ. ಪಾವತಿಯ ವಿವರ, ಟಿಕೆಟ್ ಮತ್ತು ವೀಸಾದ ಪ್ರತಿಗಳನ್ನು ಲಗತ್ತಿಸುವುದು. ನಗದಾಗಿ ಕೊಟ್ಟಿದ್ದಲ್ಲಿ ಕೊಟ್ಟ ದಿನಾಂಕ, ಸ್ಥಳ ಮತ್ತು ಆಗ ಹಾಜರಿದ್ದವರ ಹೆಸರುಗಳನ್ನು ಬರೆಯುವುದು. ದೂರು ದಾಖಲಾದ ನಂತರ ಏಜೆಂಟನು ಹಣ ಹಿಂದಿರುಗಿಸುವುದಾಗಿ ಹೇಳಿ ಮೂಲ ರಸೀದಿಯನ್ನು ಕೇಳಿಕೊಂಡು ಬಂದಲ್ಲಿ, ಜೆರಾಕ್ಸ್ ಪ್ರತಿಯನ್ನು ಮಾತ್ರ ತೋರಿಸಿ, ಮೂಲವನ್ನು ತನಿಖಾಧಿಕಾರಿಗಳಿಗೆ ಹೊರತು ಬೇರೆ ಯಾರಿಗೂ ಕೊಡತಕ್ಕದ್ದಲ್ಲ.